ಗಿರಣಿ ಅಜ್ಜಿಗೆ ಹೇಳಿದ ಸುಳ್ಳು

"ನಿಲ್ಸು!"

ತರಗತಿಯ ಮೂವತ್ತು ತಲೆಗಳೂ ಒಮ್ಮೆಗೇ ಹಿಂದಕ್ಕೆ ತಿರುಗಿದವು.

ಕೊನೆಯ ಬೆಂಚಿನಲ್ಲಿ ಅವಳು ಎದ್ದು ನಿಂತಿದ್ದಳು. ಅಷ್ಟು ಜೋರಾಗಿ ಕೂಗಿದ್ದು ತಾನೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ.

ಮುಂದೆ, ಗೋಡೆಯ ಮೇಲೆ ಬೆಳಗುತ್ತಿದ್ದ ಅಂಕಿಗಳ ಪಕ್ಕದಲ್ಲಿ, ಎತ್ತರದ ಹುಡುಗನೊಬ್ಬ ಬಾಯಿ ಅರ್ಧ ತೆರೆದುಕೊಂಡೇ ನಿಂತುಬಿಟ್ಟಿದ್ದ.

ಅದು ವಿಶ್ವವಿದ್ಯಾಲಯದ ಚೀನೀ ವಿಭಾಗ. ಬೆಳಿಗ್ಗೆ ಭಾಷೆ, ಮಧ್ಯಾಹ್ನ ಇಂದಿನ ಚೀನಾದ ಸಮಾಜ. ಆ ದಿನ ಮಾತಾಡುವ ಸರದಿ ಈ ಹುಡುಗನದು. ಚೀನಾದ ನಗರಗಳಲ್ಲಿ ಹಲವು ದಶಕಗಳ ಕಾಲ ಮನೆಗೊಂದೇ ಮಗು ಎಂಬ ಕಾನೂನಿತ್ತಲ್ಲ, ಆ ಒಂದೇ ಮಗುವನ್ನೂ ಕಳೆದುಕೊಂಡ ತಂದೆತಾಯಿಗಳ ಬಗ್ಗೆ ಅವನು ಹೇಳುತ್ತಿದ್ದ. ಚೆನ್ನಾಗಿಯೇ ಹೇಳುತ್ತಿದ್ದ. ಕೊನೆಗೆ, "ಒಟ್ಟು ಜನಸಂಖ್ಯೆಗೆ ಹೋಲಿಸಿದರೆ ಈ ಸಂಖ್ಯೆ ನಗಣ್ಯ" ಎಂದುಬಿಟ್ಟ.

ಆಗಲೇ ಆ ಕೂಗು ಕೇಳಿದ್ದು.

"ನಗಣ್ಯ ಅಂದ್ಯಲ್ಲ... ಅವರಲ್ಲಿ ಒಬ್ಬರನ್ನಾದ್ರೂ ಕಣ್ಣಾರೆ ನೋಡಿದ್ದೀಯಾ?"

"...ಇಲ್ಲ."

"ಮಗು ಹೋದ ಮನೇಲಿ ಊಟಕ್ಕೆ ಎಷ್ಟು ತಟ್ಟೆ ಹಾಕ್ತಾರೆ ಗೊತ್ತಾ? ಒಂದು ಜಾಸ್ತಿ ಹಾಕ್ತಾರೆ. ಹಾಕಿ, ಯಾರೂ ನೋಡದ ಹಾಗೆ ತೆಗೆದಿಡ್ತಾರೆ. ನಿನ್ನ ಅಂಕೀಲಿ ಆ ತಟ್ಟೆ ಎಲ್ಲಿದೆ, ತೋರ್ಸು!"

ಪಾಠ ಮಾಡುವ ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಅವಳು ಧೊಪ್ಪನೆ ಕುಳಿತಳು. ಮುಖ ಕೆಂಪಾಗಿತ್ತು. ಅವಳ ಅಣ್ಣ ತೀರಿಕೊಂಡು ಆಗ ಎರಡು ವರ್ಷವಾಗಿತ್ತು ಎಂಬುದು ಆ ಕೋಣೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆ ತಟ್ಟೆ ಅವಳ ಮನೆಯದು, ತೆಗೆದಿಡುವವಳು ಅವಳ ಅಮ್ಮ.

ಮರುದಿನದಿಂದ ಅವಳ ಹೆಸರು ಎಲ್ಲರ ಬಾಯಲ್ಲೂ 'ಕಿಡಿ' ಎಂದಾಯಿತು. ಆ ಎತ್ತರದ ಹುಡುಗನಿಗೆ ಮೊದಲಿನಿಂದಲೂ 'ಕಂಬ' ಎಂಬ ಹೆಸರಿತ್ತು. ವಿಭಾಗದ ಯಾವ ಬಾಗಿಲಲ್ಲೂ ಅವನು ತಲೆ ತಗ್ಗಿಸದೆ ನುಗ್ಗಲು ಆಗುತ್ತಿರಲಿಲ್ಲ.

ಮೂರು ತಿಂಗಳ ಮೇಲೆ ಕಂಬ ಅವಳನ್ನು ಮೆಟ್ಟಿಲ ಬಳಿ ತಡೆದು ನಿಲ್ಲಿಸಿದ.

"ಚೀನಾಕ್ಕೆ ಹೋಗ್ತಿದ್ದೀನಿ. ಹತ್ತು ತಿಂಗಳು."

"ಸರಿ, ಹೋಗು. ನನಗ್ಯಾಕೆ ಹೇಳ್ತಿದ್ದೀಯಾ?"

"ಅವರನ್ನ ನೋಡೋಕೆ ಹೋಗ್ತಿದ್ದೀನಿ. ಆ ನಗಣ್ಯ ಜನರನ್ನ."

ಕಿಡಿ ಬೆಚ್ಚಿ ಅವನ ಮುಖ ನೋಡಿದಳು. ಗೇಲಿ ಮಾಡುತ್ತಿದ್ದಾನೆಯೇ? ಇಲ್ಲ... ಆ ಮುಖದಲ್ಲಿ ಗೇಲಿ ಇರಲಿಲ್ಲ.

*

ಹತ್ತು ತಿಂಗಳ ನಂತರ ಅವನು ಹಿಂದಿರುಗಿದ. ಸ್ವಲ್ಪ ಬಡವಾಗಿದ್ದ. ಚೀಲದಲ್ಲಿ ಮೂವತ್ತೊಂದು ಧ್ವನಿಮುದ್ರಣಗಳಿದ್ದವು. ಮೂವತ್ತೊಂದು ಮನೆಗಳು, ಮೂವತ್ತೊಂದು ಹೋದ ಮಕ್ಕಳು.

ಮೇಡಂ ವಿಭಾಗದಲ್ಲಿ ಒಂದು ನಿಯಮ ಮಾಡಿದ್ದರು. ಮಾತನ್ನು ಮುದ್ರಿಸಿಕೊಂಡು ಬಂದವರು ತಾವೇ ಅದನ್ನು ಕೇಳಿ ಬರೆಯುವಂತಿಲ್ಲ. "ಸ್ವಂತದ್ದನ್ನ ಬರೆಯುವಾಗ ಕೇಳಿದ್ದನ್ನ ಬರೆಯಲ್ಲ, ಕೇಳಬೇಕು ಅಂತಿದ್ದದ್ದನ್ನ ಬರೀತೀರಿ" ಎನ್ನುತ್ತಿದ್ದರು. ಆದ್ದರಿಂದ ಆ ಕೆಲಸ ಬೇರೊಬ್ಬರದಾಗಬೇಕು. ಮುದುಕರ ಉಚ್ಚಾರಣೆ, ಆ ಕಡೆಯ ರಾಗ, ನಡುನಡುವಿನ ಅಳು, ಇವನ್ನೆಲ್ಲ ಬಿಡಿಸಿ ಕೇಳುವ ಕಿವಿ ವಿಭಾಗದಲ್ಲಿ ಒಬ್ಬಳದೇ ಇತ್ತು.

"ಕಿಡಿ, ನೀನೇ ಮಾಡ್ಬೇಕಮ್ಮ."

ಹೀಗೆ ಕಂಬನ ಧ್ವನಿ ಕಿಡಿಯ ಕಿವಿಯೊಳಗೆ ಸೇರಿತು.

ಭಾಷಾ ಪ್ರಯೋಗಾಲಯದ ಕಿಟಕಿಯ ಪಕ್ಕದ ಮೇಜು. ಕಿವಿಗೆ ಹೆಡ್‌ಫೋನು. ಕಾಲಿನ ಕೆಳಗೊಂದು ಪೆಡಲು, ಒತ್ತಿದರೆ ಧ್ವನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಒಂದು ಗಂಟೆಯ ಮಾತು ಬರೆಯಲು ಎಂಟು ಗಂಟೆ ಬೇಕು. ಒತ್ತು, ಕೇಳು, ಬಿಡು, ಬರೆ. ಮತ್ತೆ ಒತ್ತು.

ಮನುಷ್ಯ ಎಂಥವನೆಂದು ತಿಳಿಯಲು ಇದಕ್ಕಿಂತ ಹತ್ತಿರದ ದಾರಿ ಇನ್ನೊಂದಿಲ್ಲ. ಅವನು ಎಲ್ಲಿ ಸುಮ್ಮನಾಗುತ್ತಾನೆ, ಯಾರ ಅಳು ಮುಗಿಯುವವರೆಗೆ ಕಾಯುತ್ತಾನೆ, ಎಲ್ಲಿ ಪ್ರಶ್ನೆಯನ್ನು ನುಂಗಿಕೊಳ್ಳುತ್ತಾನೆ, ಎಲ್ಲವೂ ಅವಳಿಗೆ ಕೇಳುತ್ತಿತ್ತು. ಒಂದು ಮುದ್ರಣದಲ್ಲಿ ಒಬ್ಬ ತಂದೆ ಹನ್ನೊಂದು ನಿಮಿಷ ಏನೂ ಮಾತಾಡಲಿಲ್ಲ. ಕಂಬನೂ ಮಾತಾಡಲಿಲ್ಲ. ಆ ಹನ್ನೊಂದು ನಿಮಿಷವೂ ಕಿಡಿ ಪೆಡಲಿನಿಂದ ಕಾಲು ತೆಗೆಯಲಿಲ್ಲ.

'ಇವನಿಗೆ ಕಾಯಲು ಬರುತ್ತದೆ' ಎಂದುಕೊಂಡಳು. ಆ ದಿನವೇ ಸೋತಳು.

ಸಂಜೆ ಅವನು ಬಂದು ಎದುರು ಕುರ್ಚಿಯಲ್ಲಿ ಕೂರುತ್ತಿದ್ದ. ಅವಳು ಅರ್ಥವಾಗದ ಕಡೆ ಗುರುತು ಹಾಕಿಟ್ಟಿರುತ್ತಿದ್ದಳು.

"ಇಲ್ಲಿ ಯಾಕೆ ಕೆಮ್ಮಿದ್ದೀಯಾ? ಆ ಅಮ್ಮ ಹೇಳಿದ್ದೇ ಕೇಳಿಸ್ತಿಲ್ಲ."

"ಕೆಮ್ಮು ಬಂದ್ರೆ ಕೆಮ್ಮದೆ ಏನು ಮಾಡ್ಲಿ?"

"ನುಂಗ್ಕೋ. ಎರಡು ಗಂಟೆಯಿಂದ ನಿನ್ನ ಕೆಮ್ಮೇ ಕೇಳ್ತಿದ್ದೀನಿ ನಾನು!"

"ಅಷ್ಟೊತ್ತು ಕೇಳಿದ್ಯಾ? ಹಾಗಾದ್ರೆ ಇನ್ನೊಂದ್ಸಲ ಕೆಮ್ಲಾ?"

ನಾಲ್ಕು ತಿಂಗಳು ಹೀಗೇ ಕಳೆಯಿತು. ಒಂದು ಸೋಮವಾರ ಅವನು ತಲೆ ತಗ್ಗಿಸಿ ಒಳಗೆ ಬಂದವನು ತಲೆಯನ್ನು ಎತ್ತಲೇ ಇಲ್ಲ.

"ಕಿಡಿ, ನನ್ನ ಮದುವೆಯಾಗ್ತೀಯಾ? ಈಗಲೇ ಹೇಳ್ಬೇಡ. ಶನಿವಾರ ಹೇಳು. ಆಗಲ್ಲ ಅಂದ್ರೂ... ಬರೆಯೋದು ಮಾತ್ರ ನಿಲ್ಲಿಸ್ಬೇಡ."

ಅವಳ ಕೈಯಿಂದ ಪೆನ್ನು ಜಾರಿತು. ಉತ್ತರ ಆಗಲೇ ನಾಲಿಗೆಯ ತುದಿಯಲ್ಲಿತ್ತು. ಆದರೂ ಶನಿವಾರವನ್ನು ಅವನೇ ಕೇಳಿದ್ದನಲ್ಲ... ಇರಲಿ, ಐದು ದಿನ ತಳಮಳಿಸಲಿ!

*

ಗುರುವಾರ ಅವಳು ಹತ್ತೊಂಬತ್ತನೆಯ ಮುದ್ರಣಕ್ಕೆ ಬಂದಳು.

ಬಟ್ಟೆಯ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದ ಒಬ್ಬ ವಿಧವೆ. ಕಂಬ ಅವಳನ್ನು 'ಗಿರಣಿ ಅಜ್ಜಿ' ಎಂದು ಬರೆದುಕೊಂಡಿದ್ದ. ಒಬ್ಬನೇ ಮಗ, ಇಪ್ಪತ್ತೇಳನೆಯ ವಯಸ್ಸಿಗೆ ಅಪಘಾತದಲ್ಲಿ ಹೋಗಿದ್ದ. ಅಜ್ಜಿಯ ಧ್ವನಿ ಒಣಗಿದ್ದರೂ ಗಟ್ಟಿಯಾಗಿತ್ತು. ವೃದ್ಧಾಶ್ರಮಕ್ಕೆ ಸೇರಲು ಹೋದರೆ ಮಗನ ಸಹಿ ಬೇಕೆಂದರಂತೆ. "ಮಗನ ಸಹಿ ಸಿಗೋ ಹಾಗಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ ಅಂತ ಕೇಳ್ದೆ. ಆ ಹುಡುಗಿ ತಲೆ ತಗ್ಗಿಸಿದ್ಲು. ಪಾಪ, ಅವಳದೇನು ತಪ್ಪು?" ಎಂದಳು ಅಜ್ಜಿ.

ಕಿಡಿ ಬರೆದಳು. ಕಣ್ಣು ಒರೆಸಿಕೊಂಡು ಮತ್ತೆ ಬರೆದಳು.

ಸಂದರ್ಶನ ಮುಗಿಯಿತು. ಕಂಬ ವಂದಿಸಿದ. 'ಟಕ್' ಎಂದು ಗುಂಡಿ ಒತ್ತಿದ ಶಬ್ದ... ಆದರೆ ಯಂತ್ರ ನಿಲ್ಲಲಿಲ್ಲ. ಅವನಿಗೆ ಗೊತ್ತಾಗದಂತೆ ಅದು ಓಡುತ್ತಲೇ ಇತ್ತು. ಲೋಟಗಳ ಸದ್ದು. ಬಿಸಿನೀರು ಬಗ್ಗಿಸಿದ ಸದ್ದು. ಕುರ್ಚಿ ಎಳೆದ ಸದ್ದು. ಆಮೇಲೆ ಅಜ್ಜಿಯ ಧ್ವನಿ.

"ನಿನಗೆ ಮದುವೆ ಆಗಿದೆಯೇನಪ್ಪಾ?"

ಕಿಡಿ ನಕ್ಕಳು. 'ಹೇಳು, ಹೇಳು...' ಎಂದುಕೊಂಡಳು.

"ಆಗಿದೆ ಅಜ್ಜಿ."

ನಗು ತುಟಿಯ ಮೇಲೆಯೇ ಸತ್ತಿತು.

"ಹೌದಾ! ಮಕ್ಕಳು?"

"ಹೆಂಡತಿ ಬಸುರಿ, ಅಜ್ಜಿ. ನಾಲ್ಕು ತಿಂಗಳು."

ಪೆಡಲಿನಿಂದ ಕಾಲು ಜಾರಿತು. ಧ್ವನಿ ನಿಂತಿತು.

ದೇವರು ಕಣ್ಣಿಗೆ ರೆಪ್ಪೆ ಕೊಟ್ಟ. ಕಿವಿಗೆ ಏಕೆ ಕೊಡಲಿಲ್ಲ?

ತಪ್ಪಾಗಿ ಕೇಳಿರಬಹುದೇ? ಹಿಂದಕ್ಕೆ ಸರಿಸಿದಳು. ಮತ್ತೆ ಒತ್ತಿದಳು. ಆಗಿದೆ ಅಜ್ಜಿ. ಇನ್ನೊಮ್ಮೆ. ಹೆಂಡತಿ ಬಸುರಿ. ಮೂರನೆಯ ಬಾರಿ. ನಾಲ್ಕು ತಿಂಗಳು. ವಿಭಾಗದಲ್ಲೇ ಒಳ್ಳೆಯ ಕಿವಿ ಅವಳದು... ತಪ್ಪಾಗಿ ಕೇಳುವ ಕಿವಿಯಲ್ಲ.

ಇನ್ನೂ ನಲವತ್ತು ನಿಮಿಷದ ಮುದ್ರಣ ಉಳಿದಿತ್ತು. ಅವಳು ಹೆಡ್‌ಫೋನು ಕಿತ್ತಿಟ್ಟು, ಚೀಲವನ್ನೂ ಮರೆತು, ಹೊರಗೆ ನಡೆದಳು.

*

ಶನಿವಾರ ಅವನು ಗ್ರಂಥಾಲಯದ ಮೆಟ್ಟಿಲ ಮೇಲೆ ಕಾಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅವಳ ಮುಖ ನೋಡಿದ ಕೂಡಲೇ ಎದ್ದು ನಿಂತ.

"ಏನಾಯ್ತು? ಎರಡು ದಿನದಿಂದ ಫೋನೂ ಎತ್ತಿಲ್ಲ..."

"ನಿನ್ನ ಹೆಂಡತಿ ಚೆನ್ನಾಗಿದ್ದಾಳಾ?"

"ಯಾರು?"

"ಮಗು ಗಂಡಾ, ಹೆಣ್ಣಾ? ಇಷ್ಟೊತ್ತಿಗೆ ಬೋರಲು ಬೀಳ್ತಿರ್ಬೇಕು."

ಅವನ ಮುಖ ಬಿಳುಚಿತು.

"ಹತ್ತೊಂಬತ್ತು..." ಎಂದ, ಉಸಿರಿನಲ್ಲಿ. "ಯಂತ್ರ ನಿಂತಿರ್ಲಿಲ್ವಾ?"

"ಇಲ್ಲ. ದೇವರು ದೊಡ್ಡವನು. ನಿಂತಿರ್ಲಿಲ್ಲ."

"ಕಿಡಿ, ಅದು ಸುಳ್ಳು! ಪೂರ್ತಿ ಸುಳ್ಳು! ಅಲ್ಲಿ ಪ್ರತಿಯೊಬ್ಬ ಅಜ್ಜಿನೂ ಹೆಣ್ಣು ತೋರಿಸೋಕೆ ಶುರು ಮಾಡ್ತಾರೆ. ನಾಲ್ಕನೇ ಮನೇಲಿ ತಂಗಿಯ ಮಗಳ ಫೋಟೋ ತಂದು ತೊಡೆ ಮೇಲಿಟ್ರು. ಏಳನೇ ಮನೇಲಿ ಆ ಹುಡುಗೀನೇ ಬಂದು ಕೂತಿದ್ಲು! ಆಮೇಲಿಂದ ಯಾರು ಕೇಳಿದ್ರೂ ಮದುವೆಯಾಗಿದೆ ಅಂತ ಹೇಳೋದು ರೂಢಿ ಮಾಡ್ಕೊಂಡೆ."

"ಬಸುರಿ?"

"...ಮಕ್ಕಳು ಅಂತ ಕೇಳಿದ್ರಲ್ಲ. ಗಾಬರೀಲಿ ಬಾಯಿಗೆ ಬಂತು."

"ಗಾಬರೀಲಿ ನಾಲ್ಕು ತಿಂಗಳ ಲೆಕ್ಕಾನೂ ಬಂತಾ?"

ಅವಳು ಒಂದು ಮೆಟ್ಟಿಲು ಹತ್ತಿ ಅವನ ಎದುರು ನಿಂತಳು.

"ಒಂದು ಮಾತು ಹೇಳು. ಯಾವುದು ಸುಳ್ಳು? ಅಜ್ಜಿಗೆ ಹೇಳಿದ್ದಾ, ನನಗೆ ಹೇಳಿದ್ದಾ?"

"ಕಿಡಿ!"

"ಅಜ್ಜಿಗೆ ಹೇಳೋವಾಗ್ಲೂ ನಿನ್ನ ಧ್ವನಿ ಹೀಗೇ ಇತ್ತು. ಒಂದು ಚೂರೂ ಅಲುಗಲಿಲ್ಲ. ನಾಲ್ಕು ತಿಂಗಳು ನಿನ್ನ ಧ್ವನಿ ಕೇಳಿದ್ದೀನಿ, ನಿನ್ನನ್ನ ಬಲ್ಲೆ ಅಂದ್ಕೊಂಡಿದ್ದೆ. ಸುಳ್ಳು ಹೇಳೋವಾಗ ನೀನು ಹೇಗಿರ್ತೀಯಾ ಅಂತ ನನಗೆ ಗೊತ್ತೇ ಆಗ್ಲಿಲ್ಲ!"

ಅವಳು ಹೊರಟುಹೋದಳು. ಅವನು ಹಿಂದೆ ಬರಲಿಲ್ಲ. ಬಂದಿದ್ದರೆ ಬೈಯುತ್ತಿದ್ದಳು. ಬರಲಿಲ್ಲವೆಂದು ದಾರಿಯುದ್ದಕ್ಕೂ ಅತ್ತಳು.

*

ಮನೆಯಲ್ಲಿ ಅಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದಳು. ಮಗಳ ಕಣ್ಣು ನೋಡಿದಳು, ಏನೂ ಕೇಳಲಿಲ್ಲ, ಪಕ್ಕದಲ್ಲಿ ಜಾಗ ಮಾಡಿದಳು. ಕಿಡಿ ಎಲ್ಲವನ್ನೂ ಹೇಳಿದಳು.

ಅಮ್ಮನ ಕೈ ನಿಂತಿತು.

"ಅವನಿಗೆ ಮದುವೆ ಆಗಿದೆಯೋ ಇಲ್ವೋ, ವಿಚಾರಿಸಿದ್ರೆ ನಾಳೆನೇ ಗೊತ್ತಾಗುತ್ತೆ. ಅದಲ್ಲ ಕೂಸೇ..." ಅಮ್ಮ ತಡೆದಳು. "ಮಗ ಹೋದವಳ ಮುಂದೆ ಕೂತು, ನನಗೊಂದು ಮಗು ಬರ್ತಿದೆ ಅಂತ ಸುಳ್ಳು ಹೇಳಿದ್ನಾ?"

ಎರಡು ದಿನದಿಂದ ಕಿಡಿ ತನಗಾದ ಮೋಸವೊಂದನ್ನೇ ಎಣಿಸಿಕೊಂಡಿದ್ದಳು. ಆ ಮೇಜಿನ ಆಚೆ ಕುಳಿತವಳ ನೆನಪೇ ಆಗಿರಲಿಲ್ಲ!

"ನನಗೂ ಯಾರಾದ್ರೂ ಬಂದು ಹೇಳ್ತಾರೆ, ಮನೇಲಿ ಮಗು ಬರ್ತಿದೆ ಅಂತ," ಎಂದಳು ಅಮ್ಮ, ಬಟ್ಟೆಯನ್ನೇ ನೋಡುತ್ತ. "ಹೊಟ್ಟೆ ಉರಿಯುತ್ತೆ ಅಂದ್ಕೊಂಡಿರ್ತಾರೆ. ಉರಿಯಲ್ಲ. ಆ ಮಗೂಗೋಸ್ಕರ ದಿನಾ ದೇವರನ್ನ ಬೇಡ್ಕೊಳ್ತೀನಿ. ಅದೇ ಇಲ್ಲ ಅಂತ ಆಮೇಲೆ ಗೊತ್ತಾದ್ರೆ..."

ಒಂದು ಅಂಗಿಯನ್ನು ಎರಡು ಸಲ ಮಡಿಸಿದಳು.

*

ಸೋಮವಾರ ಕಿಡಿ ಮೇಡಂ ಎದುರು ನಿಂತು, ಹತ್ತೊಂಬತ್ತನೆಯದನ್ನು ಬೇರೆಯವರಿಗೆ ಕೊಡಿ ಎಂದಳು.

ಮೇಡಂ ಕಡತದಿಂದ ತಲೆ ಎತ್ತಲಿಲ್ಲ. "ಎಷ್ಟು ಉಳಿದಿದೆ?"

"ನಲವತ್ತು ನಿಮಿಷ."

"ನಲವತ್ತು ನಿಮಿಷ ಬಿಟ್ಟು ಎದ್ದು ಬಂದ್ಯಾ? ಅರ್ಧ ಕೇಳಿ ತೀರ್ಮಾನ ಮಾಡೋಕೆ ನಾನು ನಿನಗೆ ಎರಡು ವರ್ಷ ಪಾಠ ಹೇಳಿದ್ದಾ? ಹೋಗು. ಮುಗಿಸಿ ಬಾ, ಆಮೇಲೆ ಜಗಳ ಆಡು."

ಕಿಡಿ ಮತ್ತೆ ಆ ಮೇಜಿಗೆ ಹೋದಳು. ಹಲ್ಲು ಕಚ್ಚಿ ಪೆಡಲು ಒತ್ತಿದಳು.

"ನಾಲ್ಕು ತಿಂಗಳು! ಅಯ್ಯೋ, ಅಂಥವಳನ್ನ ಬಿಟ್ಟು ಇಷ್ಟು ದೂರ ಬಂದ್ಯಾ ಪಾಪಿ!" ಅಜ್ಜಿ ಬೈಯುತ್ತಿದ್ದಳು. "ಹೆಂಡತಿ ಹೇಗಿದ್ದಾಳೆ? ಹೇಳು, ಹೇಳು."

ಕಂಬ ಲೋಟ ಕೆಳಗಿಟ್ಟ ಸದ್ದು.

"ಸಿಟ್ಟಿನವಳು, ಅಜ್ಜಿ."

"ಒಳ್ಳೇದು. ಆಮೇಲೆ?"

"ತರಗತೀಲಿ ಎಲ್ಲರೆದುರು ಎದ್ದು ನಿಂತು ನನ್ನ ಮಾನ ಹರಾಜು ಹಾಕಿದ್ಲು. ಅವಳು ಬೈದಿದ್ದಕ್ಕೇ ನಾನು ನಿಮ್ಮನೆಗೆ ಬಂದಿರೋದು."

ಕಿಡಿಯ ಕೈ ಕಾಗದದ ಮೇಲೆ ಕಲ್ಲಾಯಿತು.

"ಓದುವಾಗ ತುಟಿ ಅಲ್ಲಾಡಿಸ್ತಾಳೆ," ಎನ್ನುತ್ತಿತ್ತು ಆ ಧ್ವನಿ. "ನಾನು ಯಾರಿಗೂ ಹೇಳಿಲ್ಲ. ಗೊತ್ತಾದ್ರೆ ನಿಲ್ಲಿಸಿಬಿಡ್ತಾಳೆ. ಅವಳಿಗೆ ಏನೋ ದೊಡ್ಡ ದುಃಖ ಇದೆ, ಅಜ್ಜಿ. ಏನೂಂತ ಗೊತ್ತಿಲ್ಲ. ಅವಳಾಗೇ ಹೇಳೋವರೆಗೂ ಕೇಳಲ್ಲ."

"ಹೆಂಡತಿ ದುಃಖ ಏನೂಂತ ಗಂಡನಿಗೆ ಗೊತ್ತಿಲ್ವಾ? ಚೆನ್ನಾಗಿದೆ! ಹೋಗ್ಲಿ, ನೋಡೋಕೆ ಚೆನ್ನಾಗಿದ್ದಾಳಾ?"

"ಸರಿಯಾಗಿ ನೋಡಿಲ್ಲ, ಅಜ್ಜಿ. ಧೈರ್ಯ ಬಂದಿಲ್ಲ."

ಅಜ್ಜಿ ಗಹಗಹಿಸಿ ನಕ್ಕಳು. ಕಿಡಿ ಬಾಯಿಗೆ ಕೈ ಅಡ್ಡ ಹಿಡಿದಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ.

ಇಲ್ಲದ ಹೆಂಡತಿಗೆ ಅವನು ಮುಖವನ್ನು ಹುಡುಕಲು ಹೋಗಲಿಲ್ಲ. ಇದ್ದ ಮುಖ ಒಂದೇ. ಅದು ತನ್ನದು!

ಆ ಸಂತೋಷ ಒಂದು ನಿಮಿಷವೂ ಬಾಳಲಿಲ್ಲ.

ಅಜ್ಜಿಯ ನಗು ನಿಂತು, ಧ್ವನಿ ತಗ್ಗಿತು. "ಇಷ್ಟೊತ್ತು ಹೇಳಿದ್ದು ನಿನ್ನ ಪುಸ್ತಕಕ್ಕೆ. ಈಗ ಹೇಳೋದು ನಿನಗೆ, ಅಪ್ಪ ಆಗೋನಿಗೆ. ಯಾರಿಗೂ ಹೇಳಿಲ್ಲ. ನನ್ನ ಮಗ ಒಬ್ಬಳನ್ನ ಇಷ್ಟಪಟ್ಟಿದ್ದ. ನಾನು ಬೇಡ ಅಂದೆ. ಆ ಬೆಳಿಗ್ಗೆ ಅವನು ಹೊರಗೆ ಹೊರಟ, ತಿರುಗಿ ಏನೋ ಹೇಳೋಕೆ ಬಂದ. ನಾನು ಮುಖಕ್ಕೆ ಬಾಗಿಲು ಹಾಕಿದೆ. ಏನು ಹೇಳೋಕೆ ಬಂದಿದ್ದನೋ... ಒಂಬತ್ತು ವರ್ಷದಿಂದ ಅದನ್ನೇ ಯೋಚಿಸ್ತಿದ್ದೀನಿ. ನಿನ್ನ ಮಗು ಮೇಲೆ ಎಷ್ಟೇ ಕೋಪ ಬಂದ್ರೂ ಬಾಗಿಲು ಮಾತ್ರ ಹಾಕ್ಬೇಡಪ್ಪಾ. ಆಯ್ತಾ?"

"ಆಗ್ಲಿ, ಅಜ್ಜಿ," ಎಂದ ಕಂಬ. ಈ ಸಲ ಅವನ ಧ್ವನಿ ಅಲುಗಿತು.

ಯಂತ್ರ ಇನ್ನೂ ಓಡುತ್ತಿತ್ತು. ಕಿಡಿ ಮೇಜಿನ ಮೇಲೆ ತಲೆಯಿಟ್ಟಳು. ಒಂಬತ್ತು ವರ್ಷ ಬಚ್ಚಿಟ್ಟದ್ದನ್ನು ಆ ತಾಯಿ ಒಂದು ಸುಳ್ಳನ್ನು ನಂಬಿ ಬಿಚ್ಚಿಟ್ಟಿದ್ದಳು!

*

"ಪೂರ್ತಿ ಕೇಳಿದೆ," ಎಂದಳು ಕಿಡಿ.

ಕಂಬ ಪ್ರಯೋಗಾಲಯದ ಹೊಸ್ತಿಲಲ್ಲೇ ನಿಂತಿದ್ದ. ಕಿವಿಯವರೆಗೂ ಕೆಂಪೇರಿದ. "ಹಾಗಾದ್ರೆ... ಗೊತ್ತಾಯ್ತಾ? ಯಾರೂಂತ?"

"ಗೊತ್ತಾಯ್ತು."

"ಹಾಗಾದ್ರೆ ಉತ್ತರ..."

"ಉತ್ತರ ಇಲ್ಲ. ಮೊದಲು ಅಜ್ಜಿಗೆ ನಿಜ ಹೇಳು."

ಅವನ ಮುಖದ ಬಣ್ಣ ಇಳಿಯಿತು. "ಕಿಡಿ, ಅಜ್ಜಿಗೆ ಎಪ್ಪತ್ತು ವರ್ಷ. ಈಗ ಹೋಗಿ ಅದೆಲ್ಲ ಸುಳ್ಳು ಅಂದ್ರೆ... ಎದೆ ಒಡೆಯುತ್ತೆ. ಗೊತ್ತಿಲ್ಲದೆ ಇರ್ಲಿ ಬಿಡು."

"ಅಷ್ಟು ದೂರ ಇದ್ದಾರೆ, ಗೊತ್ತಾಗಲ್ಲ, ಅಲ್ವಾ? ಯಾರೋ ಒಬ್ಬಳು ಮುದುಕಿ... ನಗಣ್ಯ!"

ಅವನು ಹೊಡೆತ ತಿಂದವನಂತೆ ಗೋಡೆಗೆ ಒರಗಿದ.

ಕಿಡಿಗೆ ಅಳು ಒತ್ತರಿಸಿ ಬಂತು. "ನನ್ನ ದುಃಖ ಏನು ಅಂತ ನೀನು ಕೇಳ್ಲಿಲ್ಲ. ಈಗ ನಾನೇ ಹೇಳ್ತೀನಿ. ನನಗೊಬ್ಬ ಅಣ್ಣ ಇದ್ದ. ಈಗಿಲ್ಲ. ನಮ್ಮಮ್ಮ ಬೇರೆಯವರ ಮಕ್ಕಳಿಗೋಸ್ಕರ ದಿನಾ ದೇವರನ್ನ ಬೇಡ್ತಾಳೆ. ಆ ಅಜ್ಜಿನೂ ನಿನ್ನ ಮಗೂಗೆ ಹಾಗೇ ಬೇಡ್ತಿದ್ರೆ? ಇಲ್ಲದ ಮಗೂಗೆ!"

ಅವನು ಗೋಡೆ ಬಿಟ್ಟು ನೆಟ್ಟಗೆ ನಿಂತು ಕೇಳಿದ, "ನೀನು ಪಕ್ಕದಲ್ಲಿ ಕೂರ್ತೀಯಾ?"

"ಕೂರ್ತೀನಿ. ಮಾತು ನೀನೇ ಆಡ್ಬೇಕು."

ಮೇಡಂ ಎಲ್ಲವನ್ನೂ ಕೇಳಿ, ಕುರ್ಚಿಯಿಂದ ಎದ್ದೇಬಿಟ್ಟರು. "ನಂಬಿ ಮಾತಾಡಿದವರಿಗೆ ಸುಳ್ಳು ಹೇಳಿದ್ಯಾ? ನನ್ನ ವಿದ್ಯಾರ್ಥಿಯಾಗಿ? ಅವರು ಬೇಡ ಅಂದ್ರೆ ಹತ್ತೊಂಬತ್ತನೆಯದು ಪೂರ್ತಿ ತೆಗೀಬೇಕು. ನಿನ್ನ ಪ್ರಬಂಧದ ಬೆನ್ನೆಲುಬೇ ಅದು, ಗೊತ್ತಲ್ಲ?"

"ಗೊತ್ತು, ಮೇಡಂ."

"ನನ್ನ ಕೋಣೆಯಿಂದಲೇ ಅವರಿಗೆ ಫೋನು ಮಾಡು. ಈಗಲೇ."

*

ಪರದೆಯ ಮೇಲೆ ಮೊದಲು ಒಂದು ಹಣೆ ಕಂಡಿತು. ಆಮೇಲೆ ಫೋನು ಸರಿಹೋಗಿ, ಇಡೀ ಮುಖ ಕಂಡಿತು. ಬಿಳಿ ಕೂದಲು, ಚುರುಕು ಕಣ್ಣು.

"ಓ ಉದ್ದ ಹುಡುಗ! ಹೆರಿಗೆ ಆಯ್ತಾ? ಇಷ್ಟು ದಿನ ಆದ್ರೂ ಸುದ್ದಿನೇ ಇಲ್ಲ!"

ಕಿಡಿ ಮೇಜಿನ ಕೆಳಗೆ ತನ್ನ ಸೆರಗನ್ನು ಹಿಂಡಿದಳು.

"ಅಜ್ಜಿ," ಎಂದ ಕಂಬ. "ನನಗೆ ಮದುವೆ ಆಗಿಲ್ಲ. ಮಗೂನೂ ಇಲ್ಲ. ಅವತ್ತು ಸುಳ್ಳು ಹೇಳ್ದೆ."

ಅಜ್ಜಿಯ ಬಾಯಿ ನಗುವಿನ ಆಕಾರದಲ್ಲೇ ಇತ್ತು. ಕಣ್ಣು ಮಾತ್ರ ಆರಿತು.

ಅವನು ನಿಲ್ಲಿಸಲಿಲ್ಲ. ಏಕೆ ಹೇಳಿದೆ, ಹೇಗೆ ಒಂದು ಸುಳ್ಳು ಇನ್ನೊಂದನ್ನು ಎಳೆದು ತಂದಿತು, ಯಂತ್ರ ಹೇಗೆ ನಿಲ್ಲದೆ ಓಡಿತು, ಎಲ್ಲವನ್ನೂ ಹೇಳಿದ. ನೆಪ ಹೇಳಲಿಲ್ಲ. ಕೊನೆಗೆ, "ನೀವು ಅಪ್ಪ ಆಗೋನಿಗೆ ಅಂತ ಹೇಳಿದ ಮಾತು, ಅದನ್ನ ಕೇಳೋ ಯೋಗ್ಯತೆ ನನಗಿರ್ಲಿಲ್ಲ" ಎಂದು ತಲೆ ಬಾಗಿಸಿದ.

ಅಜ್ಜಿ ಎದ್ದು ಹೋದಳು.

ಪರದೆಯಲ್ಲಿ ಖಾಲಿ ಕುರ್ಚಿ. ಹಿಂದಿನ ಗೋಡೆಯಲ್ಲಿ ಯುವಕನೊಬ್ಬನ ಭಾವಚಿತ್ರ. ಒಂದು ನಿಮಿಷ... ಎರಡು... ಐದು. ಕಂಬ ಕದಲಲಿಲ್ಲ. ಕಿಡಿ ಮನಸ್ಸಿನಲ್ಲೇ ದೇವರನ್ನು ಕರೆದಳು. 'ಸ್ವಾಮೀ, ಆ ತಾಯಿಯನ್ನು ಕಾಪಾಡು.'

ಅಜ್ಜಿ ಬಂದಳು. ಕೈಯಲ್ಲಿ ಏನೋ ಇತ್ತು. ಕ್ಯಾಮೆರಾದ ಹತ್ತಿರ ಹಿಡಿದಳು.

ಅಂಗೈಯಗಲದ ಒಂದು ಉಣ್ಣೆಯ ಅಂಗಿ. ಹಳದಿ ಬಣ್ಣದ್ದು. ಗುಂಡಿಗಳನ್ನೂ ಹೊಲಿದಾಗಿತ್ತು.

ಮೇಡಂ "ಅಯ್ಯೋ ದೇವರೇ" ಎಂದು ಮುಖ ತಿರುಗಿಸಿದರು.

"ಇದನ್ನೇನು ಮಾಡ್ಲಿ?" ಎಂದಳು ಅಜ್ಜಿ. "ಮಗ ಹೋದ ಮೇಲೆ ಸೂಜಿ ಮುಟ್ಟಿರ್ಲಿಲ್ಲ. ಒಂಬತ್ತು ವರ್ಷದ ಮೇಲೆ ಮುಟ್ಟಿದ್ದು. ಹೇಳೋ, ಏನು ಮಾಡ್ಲಿ?"

ಕಂಬ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನ ಭುಜಗಳು ಅದುರುತ್ತಿದ್ದವು.

ಅಜ್ಜಿ ಅವನನ್ನು ಅಳಲು ಬಿಟ್ಟಳು. ಆಮೇಲೆ ಅವಳ ಕಣ್ಣು ಪಕ್ಕಕ್ಕೆ ಸರಿಯಿತು.

"ಅಲ್ಲಿ ಯಾರು ಕೂತಿರೋದು?"

ಕಿಡಿ ಪರದೆಯ ಒಳಕ್ಕೆ ಬಂದಳು. "ನಮಸ್ಕಾರ ಅಜ್ಜಿ. ನಿಮ್ಮ ಮಾತನ್ನ ಬರೆದುಕೊಂಡವಳು ನಾನು. ಎಲ್ಲ ಕೇಳಿದ್ದೀನಿ. ಕ್ಷಮಿಸಿ."

"ಬೈಯೋ ಹುಡುಗಿ ನೀನೇನಾ?"

"...ಹೌದು."

"ಹುಂ. ಮದುವೆಯಾದ ಯಾವ ಗಂಡಸೂ ಹೆಂಡತಿ ಬಗ್ಗೆ ಅಷ್ಟು ಚೆನ್ನಾಗಿ ಮಾತಾಡಲ್ಲ. ನನಗಾಗ್ಲೇ ಅನುಮಾನ ಬರ್ಬೇಕಿತ್ತು." ಅಜ್ಜಿ ಮೂಗು ಒರೆಸಿಕೊಂಡಳು. "ಸುಳ್ಳುಗಾರ ಇವನು. ಆದ್ರೂ ಬಂದು ಹೇಳ್ದ. ನನಗೆ ಕೋಪ ಇದೆ, ಹೋಗಿಲ್ಲ. ನಿನ್ನನ್ನ ಕೇಳ್ತೀನಿ. ನಿಜ ಹೇಳು. ಬೇಕಾ ಇವನು ನಿನಗೆ?"

ಕಂಬ ಮುಖದಿಂದ ಕೈ ತೆಗೆದ.

ಈ ಉತ್ತರವನ್ನು ಹೇಳಲು ಕಿಡಿ ಎಷ್ಟು ಕನಸು ಕಂಡಿದ್ದಳು! ಇಬ್ಬರೇ ಇರುವ ಸಂಜೆ, ನಾಚಿಕೆ, ನಗು... ಈಗ ಎದುರಿಗೆ ಮೇಡಂ, ಪರದೆಯಲ್ಲಿ ಅಜ್ಜಿ, ಅವರ ಹಿಂದೆ ಗೋಡೆಯಲ್ಲಿ ಆ ಮಗ. ಅವನೂ ಒಬ್ಬಳನ್ನು ಇಷ್ಟಪಟ್ಟಿದ್ದನಲ್ಲ.

"ಬೇಕು, ಅಜ್ಜಿ," ಎಂದಳು, ಅಜ್ಜಿಯ ಭಾಷೆಯಲ್ಲೇ. "ಕೋಪ ನನಗೂ ಇದೆ. ಆದ್ರೂ ಬೇಕು."

ಅಜ್ಜಿ ಬಹಳ ಹೊತ್ತು ಅವಳನ್ನೇ ನೋಡಿದಳು. ಆಮೇಲೆ ಆ ಚಿಕ್ಕ ಅಂಗಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು.

"ಹಾಗಾದ್ರೆ ಇದನ್ನ ಬಿಚ್ಚಲ್ಲ. ಕಳಿಸೋದೂ ಇಲ್ಲ. ಬೇಕಾದಾಗ ಇಬ್ಬರೂ ಬಂದು ತಗೊಂಡು ಹೋಗಿ. ಆಮೇಲೆ ಉದ್ದ ಹುಡುಗಾ, ಕೇಳು. ಆಶ್ರಮದ ಸಹಿ ವಿಷಯ, ಅದೆಲ್ಲ ಬರಿ. ಜನಕ್ಕೆ ಗೊತ್ತಾಗ್ಲಿ. ಬಾಗಿಲಿನ ಮಾತು ಮಾತ್ರ ಬೇಡ. ಮದುವೆ ಆಗಿದೆಯಾ ಅಂತ ನಾನು ಕೇಳಿದಲ್ಲಿಂದ ಆಮೇಲಿನದೆಲ್ಲ ಅಳಿಸಿಬಿಡು. ಅದು ನನ್ನದು."

*

ಪ್ರಯೋಗಾಲಯದಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತರು. ಕಿಡಿ ಬರೆದ ಹಾಳೆಗಳನ್ನು ಅವನು ಒಂದೊಂದಾಗಿ ಹರಿದ. ಅವಳು ಮುದ್ರಣದಲ್ಲಿ ಆ ಜಾಗ ಹುಡುಕಿ ಗುರುತು ಹಾಕಿದಳು.

ಅಜ್ಜಿಯ ಬಾಗಿಲಿನ ಜೊತೆಗೆ ಅದೂ ಹೋಗುತ್ತದೆ. ಹೆಂಡತಿ ಹೇಗಿದ್ದಾಳೆ ಎಂಬ ಪ್ರಶ್ನೆ, ಅವನು ಕೊಟ್ಟ ಉತ್ತರ, ಎಲ್ಲ. ಲೋಕದಲ್ಲಿ ಅದರ ಪ್ರತಿ ಇನ್ನೊಂದಿಲ್ಲ.

ಅವಳ ಬೆರಳು ಗುಂಡಿಯ ಮೇಲೆ ತಡೆಯಿತು.

"ಇನ್ನೊಂದ್ಸಲ ಕೇಳ್ಬೇಕಾ?" ಎಂದ ಅವನು.

"ಬೇಕು ಅನ್ಸುತ್ತೆ. ಆದ್ರೆ ಅಜ್ಜಿ ಬೇಡ ಅಂದಿದ್ದಾರೆ."

ಒತ್ತಿದಳು. ನಲವತ್ತು ನಿಮಿಷ ಇಲ್ಲವಾಯಿತು.

"ಭಾನುವಾರ ನಮ್ಮನೆಗೆ ಬಾ," ಎಂದಳು ಕಿಡಿ. "ಅಮ್ಮನ ಹತ್ರ ಮಾತಾಡ್ಬೇಕು. ಎಲ್ಲ ಹೇಳಿದ್ದೀನಿ, ನಿನ್ನ ಸುಳ್ಳಿನ ಸಮೇತ."

"ಬೈತಾರಾ?"

"ಬೈತಾಳೆ. ಆಮೇಲೆ ಊಟಕ್ಕೆ ಕೂರಿಸ್ತಾಳೆ."

ಅವನು ಕುರ್ಚಿಯನ್ನು ಅವಳ ಕಡೆ ತಿರುಗಿಸಿದ. ಮೊದಲ ಸಲ, ಯಾವ ಅವಸರವೂ ಇಲ್ಲದೆ, ಅವಳ ಮುಖವನ್ನು ನೋಡಿದ. ಹಣೆ, ಅತ್ತು ಊದಿದ ಕಣ್ಣು, ಮೂಗಿನ ತುದಿ... ನೋಡುತ್ತಲೇ ಇದ್ದ.

"ಏನು ಹಾಗೆ ನೋಡ್ತೀಯಾ?"

"ಅಜ್ಜಿ ಕೇಳಿದ್ರಲ್ಲ, ಚೆನ್ನಾಗಿದ್ದಾಳಾ ಅಂತ. ಉತ್ತರ ಬಾಕಿ ಇತ್ತು."

"ಮತ್ತೆ? ಏನು ಹೇಳ್ತೀಯಾ?"

"ನಿಜ ಹೇಳ್ಲಾ?"

"ಇನ್ಮೇಲೆ ಅದೊಂದನ್ನೇ ಹೇಳು."

ಅವನು ಹೇಳಿದ. ಮೆಲ್ಲಗೆ, ಅವಳೊಬ್ಬಳಿಗೇ ಕೇಳುವಂತೆ ಹೇಳಿದ. ಕೋಣೆಯಲ್ಲಿದ್ದ ಯಂತ್ರಗಳೆಲ್ಲ ನಿಂತಿದ್ದವು.